ಸೆಮಿಸ್ಟರ್ ಹೊರೆ ಹಂಚಿಕೊಳ್ಳುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕಂಪ್ಯೂಟರ್ ಸೈನ್ಸ್ ಓದುವವರ ಪತ್ರಗಳನ್ನೇ ಆಯ್ದುಕೊಂಡಿದ್ದೇವೆ. ಉತ್ತರಗಳು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿಗೆ, ಅಂದರೆ ಪಠ್ಯಕ್ರಮಕ್ಕೆ, ಹೊಂದುತ್ತವೆ. ಸ್ವಾಯತ್ತ ಕಾಲೇಜಿನವರು ಅಂಕ, ಕ್ರೆಡಿಟ್ (ಒಂದು ಕೋರ್ಸಿನ ಭಾರದ ಅಳತೆ) ವಿಷಯದಲ್ಲಿ ತಮ್ಮ ಕಾಲೇಜಿನ ನಿಯಮ ಪುಸ್ತಕವನ್ನೇ ನೋಡಿಕೊಳ್ಳಬೇಕು.

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನವಳು. ವಿಜಯಪುರದ ಕಾಲೇಜಿಗೆ ದಿನಾ ಬಸ್ಸಿನಾಗ ಹೋಗಿ ಬರ್ತೀನಿ, ಅದಕ್ಕೇ ಮೂರು ತಾಸು ಹೋಗ್ತದ. ಮೂರನೇ ಸೆಮ್‌ನಾಗ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡಿಜಿಟಲ್ ಡಿಸೈನ್, ಮ್ಯಾಥ್ಸ್, ಜಾವಾ ಎಲ್ಲಾ ಒಮ್ಮೆಲೇ ಬಂದಾವ. ಯಾವುದಕ್ಕ ಎಷ್ಟು ಹೊತ್ತು ಕೊಡಬೇಕು ತಿಳೀವಲ್ದು.
— ವಿದ್ಯಾರ್ಥಿನಿ, ಇಂಡಿ

ಉತ್ತರ: ಮೊದಲು ಲೆಕ್ಕ ನೋಡೋಣ ತಂಗಿ. ಎಂಟು ಸೆಮಿಸ್ಟರಿಗೆ 160 ಕ್ರೆಡಿಟ್, ಅಂದರೆ ಸರಾಸರಿ ಒಂದಕ್ಕೆ 20. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟಿಗೆ ಕ್ಲಾಸು, ಲ್ಯಾಬು, ಸ್ವಂತ ಓದು ಎಲ್ಲ ಸೇರಿ 30 ಗಂಟೆ. 20 ಕ್ರೆಡಿಟಿಗೆ 600 ಗಂಟೆ. ಹದಿನೈದು ವಾರಕ್ಕೆ ಹಂಚಿದರೆ ವಾರಕ್ಕೆ 40. ಕಾಲೇಜಿನ ವೇಳಾಪಟ್ಟಿಯಲ್ಲಿ 26 ಗಂಟೆ ಹೋದರೆ ನಿಮ್ಮ ಪಾಲಿಗೆ ಉಳಿಯುವ ಕೆಲಸ 14 ಗಂಟೆ. ಆರು ದಿನ ಬಸ್ಸಿಗೆ 18 ತಾಸು ಕೊಡುವವರಿಗೂ ಇದು ಸಾಧ್ಯ. ಆದರೆ ಈ 14 ಗಂಟೆಯನ್ನು ಐದು ವಿಷಯಕ್ಕೆ ಸಮನಾಗಿ ಹಂಚಬೇಡಿ.

ಏಕೆಂದರೆ ಈ ಸೆಮಿಸ್ಟರಿನ ಅರ್ಧ ಭಾರ ನಿಂತಿರುವುದು ಸಿ ಭಾಷೆಯ ಮೇಲೆ. ಡೇಟಾ ಸ್ಟ್ರಕ್ಚರ್ಸ್ ಥಿಯರಿ, ಅದರ ಲ್ಯಾಬ್, ಓಎಸ್ (ಆಪರೇಟಿಂಗ್ ಸಿಸ್ಟಮ್ಸ್) ಲ್ಯಾಬಿನ ಫೋರ್ಕ್, ಎಕ್ಸೆಕ್, ವೇಟ್ ಪ್ರೋಗ್ರಾಮುಗಳು, ಶೆಡ್ಯೂಲಿಂಗ್ ಸಿಮ್ಯುಲೇಶನ್ ಎಲ್ಲವೂ ಸಿ. ಮೊದಲ ವರ್ಷದಲ್ಲಿ ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯಬಲ್) ಅರ್ಧಂಬರ್ಧ ಆಗಿದ್ದವರು ಸ್ಟ್ಯಾಕ್‌ವರೆಗೆ ಹೇಗೋ ಸಾಗುತ್ತಾರೆ. ಎರಡನೇ ಮಾಡ್ಯೂಲಿನಲ್ಲಿ ಲಿಂಕ್ಡ್ ಲಿಸ್ಟ್ (ಪ್ರತಿ ನೋಡ್ ಮುಂದಿನದರ ವಿಳಾಸ ಹಿಡಿದಿರುವ ಸರಪಳಿ) ಬಂದ ಕೂಡಲೇ ನಿಲ್ಲುತ್ತಾರೆ. ಪ್ರೋಗ್ರಾಮ್ ‘ಸೆಗ್ಮೆಂಟೇಶನ್ ಫಾಲ್ಟ್’ (ಮುಟ್ಟಬಾರದ ಮೆಮೊರಿ ಮುಟ್ಟಿದ ತಪ್ಪು) ಅಂತ ಬೀಳುತ್ತದೆ, ಕಾರಣ ಸಿಗುವುದಿಲ್ಲ, ಪಕ್ಕದವರ ಕೋಡ್ ನಕಲಾಗುತ್ತದೆ. ಅಲ್ಲಿಂದ ಟ್ರೀ, ಗ್ರಾಫ್ ಬರೀ ಬಾಯಿಪಾಠ. ಹಾಗಾಗಿ ಮೊದಲ ಎರಡು ವಾರ, ಬೇರೆ ವಿಷಯಗಳ ಒತ್ತಡ ಇನ್ನೂ ಕಮ್ಮಿ ಇರುವಾಗ, ಪಾಯಿಂಟರ್, ಸ್ಟ್ರಕ್ಚರ್, ಮೆಲಾಕ್ (ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ಈ ಮೂರಕ್ಕೇ ವಾರಕ್ಕೆ ಆರು ಗಂಟೆ ಕೊಡಿ. ಲಿಸ್ಟಿನ ತಲೆಗೆ, ನಡುವಿಗೆ, ಬಾಲಕ್ಕೆ ನೋಡ್ ಸೇರಿಸುವುದನ್ನು ಮೊದಲು ಹಾಳೆಯ ಮೇಲೆ ಬಾಣ ಹಾಕಿ ಬರೆದು ಆಮೇಲೆ ಟೈಪ್ ಮಾಡಿ. ಬೀಳುವ ಪ್ರೋಗ್ರಾಮುಗಳಲ್ಲಿ ಬಹಳಷ್ಟರ ಕಾರಣ ಎರಡೇ: ಖಾಲಿ ಲಿಸ್ಟನ್ನು ಪರೀಕ್ಷಿಸದೆ ಮುಂದಿನ ನೋಡಿಗೆ ಹೋಗುವುದು, ಹಳೇ ಕೊಂಡಿಯನ್ನು ಬೇರೆ ಕಡೆ ಇಟ್ಟುಕೊಳ್ಳದೆ ಮೇಲೆ ಬರೆದುಬಿಡುವುದು. ಕಂಪೈಲ್ ಮಾಡುವಾಗ ಎಚ್ಚರಿಕೆಗಳೆಲ್ಲ ಕಾಣುವ ಆಯ್ಕೆ ಹಾಕಿಕೊಳ್ಳಿ, ಜಿಡಿಬಿ ಡಿಬಗ್ಗರಿನಲ್ಲಿ ಯಾವ ಸಾಲಿನಲ್ಲಿ ಬಿತ್ತು ಎಂದು ನೋಡುವುದನ್ನು ಕಲಿಯಿರಿ. ಇಷ್ಟು ಗಟ್ಟಿಯಾದರೆ ಓಎಸ್ ಲ್ಯಾಬಿಗೆ ಬೇರೆ ತಯಾರಿ ಹೆಚ್ಚು ಬೇಡ.

ಮೂರನೇ ವಾರದಿಂದ ಡೇಟಾ ಸ್ಟ್ರಕ್ಚರ್ಸ್‌ಗೆ 5 ಗಂಟೆ (ಅದರಲ್ಲಿ 2 ಲ್ಯಾಬಿನ ಹಿಂದಿನ ದಿನ), ಮ್ಯಾಥ್ಸ್‌ಗೆ 3, ಓಎಸ್‌ಗೆ 3, ಡಿಜಿಟಲ್‌ಗೆ 2, ಜಾವಾಕ್ಕೆ 1. ಜಾವಾಕ್ಕೆ ಒಂದೇ ಗಂಟೆ ಸಾಕಾಗಬೇಕಾದರೆ ಒಂದು ಉಪಾಯ ಇದೆ: ಸಿಯಲ್ಲಿ ಬರೆದ ಸ್ಟ್ಯಾಕನ್ನೇ ಅದೇ ವಾರ ಜಾವಾ ಕ್ಲಾಸಾಗಿ ಬರೆಯಿರಿ. ತರ್ಕ ಹಳೆಯದು, ಭಾಷೆ ಮಾತ್ರ ಹೊಸದು.

ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆರೆಯಬೇಡಿ, ಲೆಕ್ಕವನ್ನೂ ಬಿಡಿಸಬೇಡಿ. ಓಎಸ್ ಥಿಯರಿ, ವೈವಾ ಪ್ರಶ್ನೆ, ಪ್ರಿಂಟ್ ತೆಗೆದ ಕೋಡನ್ನು ಬೆರಳಿಟ್ಟು ಓದುವುದು ಇವೇ ಬಸ್ಸಿಗೆ ತಕ್ಕ ಕೆಲಸ. ಸೀಟು ಸಿಕ್ಕಾಗ 40 ನಿಮಿಷ ಓದಿದರೂ ವಾರಕ್ಕೆ ನಾಲ್ಕು ಗಂಟೆ.

ಇನ್ನೊಂದು ಮಾತು. ಡಿಜಿಟಲ್ ಡಿಸೈನ್ ಮತ್ತು ಓಎಸ್ ಎರಡರಲ್ಲೂ ಲ್ಯಾಬ್ ಥಿಯರಿಯ ಒಳಗೇ ಸೇರಿದೆ. ಆಂತರಿಕ 50 ಅಂಕದಲ್ಲಿ 25 ಥಿಯರಿಗೆ, 25 ಲ್ಯಾಬಿಗೆ. ಎರಡರಲ್ಲೂ ಬೇರೆ ಬೇರೆಯಾಗಿ ಕನಿಷ್ಠ 10 ಬರಲೇಬೇಕು. ಲ್ಯಾಬಿನ 25ರಲ್ಲಿ 15 ಪ್ರಯೋಗ ಮತ್ತು ರೆಕಾರ್ಡಿನದು. ರೆಕಾರ್ಡನ್ನು ಅದೇ ದಿನ ಸಂಜೆ ಮುಗಿಸಿದರೆ ಅರ್ಧ ಗಂಟೆ. ಕೊನೆಗೆ ಹತ್ತು ಒಟ್ಟಿಗೆ ಬರೆಯಲು ಕೂತರೆ ಎರಡನೇ ಟೆಸ್ಟಿನ ಹಿಂದಿನ ಶನಿವಾರ, ಭಾನುವಾರ ಎರಡೂ ಹೋಗುತ್ತವೆ. ಮೊದಲ ಟೆಸ್ಟ್ ಸಿಲೆಬಸ್ಸಿನ ನೂರಕ್ಕೆ 40–50 ಭಾಗ ಮುಗಿದಾಗ, ಎರಡನೆಯದು 85–90 ಭಾಗ ಮುಗಿದಾಗ ಬರುತ್ತದೆ. ಸುಮಾರು ಏಳನೇ ವಾರ, ಹದಿನಾಲ್ಕನೇ ವಾರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಸೈನ್‌ಮೆಂಟುಗಳನ್ನು ಅದಕ್ಕಿಂತ ಹತ್ತು ದಿನ ಮೊದಲೇ ಮುಗಿಸಿ. ಮನೆಯ ಮದುವೆ, ಸುಗ್ಗಿ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಇವನ್ನೂ ಅದೇ ಕ್ಯಾಲೆಂಡರಿನಲ್ಲಿ ಮೊದಲೇ ಬರೆಯಿರಿ. ಜಾತ್ರೆಗೆ ಹೋಗುವವರು ಹೋಗಿಯೇ ಹೋಗುತ್ತಾರೆ, ಆ ವಾರದ ಕೆಲಸ ಹಿಂದಿನ ವಾರಕ್ಕೆ ಸರಿಯಬೇಕು ಅಷ್ಟೆ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ, ನಾಲ್ಕನೇ ಸೆಮ್. ಎರಡನೇ ಸೆಮ್ ಮ್ಯಾಥ್ಸ್ (ಆಂತರಿಕ ಅಂಕ 21) ಮತ್ತು ಮೂರನೇ ಸೆಮ್ ಮ್ಯಾಥ್ಸ್ (30) ಬಾಕಿ ಇವೆ. ಆನರ್ಸ್‌ಗಾಗಿ ಈಗಲೇ ಎನ್‌ಪಿಟೆಲ್ ಕೋರ್ಸ್ ಶುರು ಮಾಡು ಅಂತ ಗೆಳೆಯರು ಹೇಳ್ತಾರೆ. ಎಲ್ಲ ನಿಭಾಯಿಸಬಹುದಾ ಸರ್?
— ಬಿ.ಇ. ವಿದ್ಯಾರ್ಥಿ, ಬೆಳಗಾವಿ

ಉತ್ತರ: ಎನ್‌ಪಿಟೆಲ್ (ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಕೋರ್ಸು) ಈ ಸೆಮಿಸ್ಟರಿಗೆ ಬೇಡ. ಆನರ್ಸ್‌ಗೆ ಹೆಚ್ಚುವರಿ 18 ಕ್ರೆಡಿಟ್ ಬೇಕು; 12 ವಾರದ ಕೋರ್ಸಿಗೆ 3ರಂತೆ ಆರು ಕೋರ್ಸು. ಪ್ರತಿ ಕೋರ್ಸಿಗೂ ವಾರ ವಾರ ಅಸೈನ್‌ಮೆಂಟ್, ಹನ್ನೆರಡರಲ್ಲಿ ಒಳ್ಳೆಯ ಎಂಟು ಲೆಕ್ಕಕ್ಕೆ, ಕೊನೆಗೆ ನೂರಕ್ಕೆ 75 ಭಾಗದ ಪರೀಕ್ಷೆ. ಎರಡು ಬಾಕಿ ಪೇಪರ್ ಇಟ್ಟುಕೊಂಡು ಮೂರನೆಯ ಹೊರೆ ಹೊತ್ತರೆ ಮೂರೂ ಅರ್ಧಕ್ಕೆ ನಿಲ್ಲುತ್ತವೆ.

ಈಗ ಬಾಕಿ ಪೇಪರ್. ಆಂತರಿಕದಲ್ಲಿ ಪಾಸಾಗಿದ್ದೀರಿ, ಆದ್ದರಿಂದ ಕೊನೆಯ ಪರೀಕ್ಷೆ ಮಾತ್ರ ಬರೆಯಬೇಕು. ಪರೀಕ್ಷೆಯಲ್ಲಿ ಕನಿಷ್ಠ 50ಕ್ಕೆ 18, ಒಟ್ಟು ನೂರಕ್ಕೆ 40. ಇಲ್ಲೇ ಬಹಳ ಮಂದಿ ಎಡವುತ್ತಾರೆ. 21ಕ್ಕೆ 18 ಸೇರಿದರೆ 39, ಅಂದರೆ ಫೇಲ್. ಆ ಪೇಪರಿನಲ್ಲಿ ನಿಮಗೆ 19 ಬೇಕು, ಅಂದರೆ ನೂರರ ಪ್ರಶ್ನೆಪತ್ರಿಕೆಯಲ್ಲಿ 38. ಮೂರನೇ ಸೆಮ್ ಪೇಪರಿಗೆ 18 ಸಾಕು, ನೂರಕ್ಕೆ 36 ಬಂದರೆ ನಿಶ್ಚಿಂತೆ.

ಐದು ಮಾಡ್ಯೂಲ್, ಪ್ರತಿಯೊಂದರಿಂದ 20 ಅಂಕದ ಎರಡು ಪ್ರಶ್ನೆ, ಒಂದನ್ನು ಬರೆಯಬೇಕು. ಎರಡನೇ ಸೆಮ್ ಮ್ಯಾಥ್ಸ್‌ನ ನಾಲ್ಕು, ಐದನೇ ಮಾಡ್ಯೂಲ್ ನ್ಯೂಮರಿಕಲ್ ಮೆಥಡ್ಸ್: ನ್ಯೂಟನ್–ರಾಫ್ಸನ್, ಲಗ್ರಾಂಜ್, ಸಿಂಪ್ಸನ್, ರುಂಗೆ–ಕುಟ್ಟ, ಮಿಲ್ನೆ. ಸೂತ್ರ ಗೊತ್ತಿದ್ದು ಕ್ಯಾಲ್ಕುಲೇಟರ್ ಮೇಲೆ ಕೈ ಕೂತರೆ ಇವೇ 40 ಅಂಕದ ಜಾಗ. ಅಂಕ ಹೋಗುವುದು ದಶಮಾಂಶ ಬೇಗ ಕತ್ತರಿಸುವುದರಿಂದ. ನಾಲ್ಕು ಸ್ಥಾನ ಕೊನೆಯವರೆಗೂ ಇಟ್ಟುಕೊಳ್ಳಿ. ಟ್ರಿಗ್ ಪದ ಇದ್ದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಇರಬೇಕು. ಆಮೇಲೆ ಮೊದಲ ಮಾಡ್ಯೂಲಿನ ಡಬಲ್, ಟ್ರಿಪಲ್ ಇಂಟಿಗ್ರಲ್ ಹಿಡಿಯಿರಿ. ವೆಕ್ಟರ್ ಸ್ಪೇಸ್ ಕೊನೆಗೆ. ಮೂರನೇ ಸೆಮ್ ಪೇಪರಿನಲ್ಲಿ ಪ್ರಾಬಬಿಲಿಟಿ ಡಿಸ್ಟ್ರಿಬ್ಯೂಶನ್, ಮಾರ್ಕೋವ್ ಚೈನ್, ಅನೋವಾ (ವೇರಿಯನ್ಸ್ ವಿಶ್ಲೇಷಣೆ) ಪಟ್ಟಿ ಮೊದಲು.

ಸಮಯ ಹೇಗೆ? ಬಾಕಿ ಪೇಪರುಗಳು ಮುಖ್ಯ ಪೇಪರುಗಳ ನಡುವಿನ ರಜೆ ದಿನಗಳನ್ನೇ ತಿನ್ನುತ್ತವೆ, ಆಗ ಓದಿಕೊಳ್ಳುತ್ತೇನೆ ಎಂದುಕೊಂಡರೆ ಡಿಬಿಎಂಎಸ್ (ಡೇಟಾಬೇಸ್ ವಿಷಯ) ಕೂಡ ಕೈಬಿಡುತ್ತದೆ. ಮೊದಲ ಆರು ವಾರ ವಾರಕ್ಕೆ ನಾಲ್ಕು ಗಂಟೆ ಒಂದು ಪೇಪರಿಗೆ, ಟೆಸ್ಟ್ ಮುಗಿದ ಮೇಲೆ ಎಂಟರಿಂದ ಹನ್ನೆರಡನೇ ವಾರ ಇನ್ನೊಂದಕ್ಕೆ. ಭಾನುವಾರ ಒಂದು ಹಳೇ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟು ಮೂರು ಗಂಟೆ. ಈ ನಾಲ್ಕು ಗಂಟೆಯನ್ನು ಬಯಾಲಜಿಯಂಥ ಓದುವ ವಿಷಯದಿಂದ ತೆಗೆಯಿರಿ. ಅಲ್ಗಾರಿದಮ್ಸ್‌ನಿಂದ ಮಾತ್ರ ತೆಗೆಯಬೇಡಿ, ಮುಂದೆ ಕೆಲಸದ ಪರೀಕ್ಷೆಗಳೆಲ್ಲ ಅದರ ಮೇಲೇ ನಡೆಯುತ್ತವೆ.

ಪ್ರಶ್ನೆ: ಐದನೇ ಸೆಮ್‌ನಲ್ಲಿ ಎಲೆಕ್ಟಿವ್ ಆಗಿ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ತೆಗೆದುಕೊಳ್ಳಲೋ, ಯುನಿಕ್ಸ್ ಸಿಸ್ಟಮ್ ಪ್ರೋಗ್ರಾಮಿಂಗೋ? ಕಂಪ್ಯೂಟರ್ ನೆಟ್‌ವರ್ಕ್ಸ್, ಥಿಯರಿ ಆಫ್ ಕಂಪ್ಯುಟೇಶನ್, ಸಾಫ್ಟ್‌ವೇರ್ ಎಂಜಿನಿಯರಿಂಗ್, ವೆಬ್ ಲ್ಯಾಬ್, ಮಿನಿ ಪ್ರಾಜೆಕ್ಟ್ ಹೇಗೂ ಇವೆ.
— ವಿದ್ಯಾರ್ಥಿ, ನವನಗರ, ಬಾಗಲಕೋಟೆ

ಉತ್ತರ: ಹೆಸರು ನೋಡಿ ಆರಿಸಬೇಡಿ, ಕೆಲಸದ ಬಗೆ ನೋಡಿ. ಥಿಯರಿ ಆಫ್ ಕಂಪ್ಯುಟೇಶನ್ ಪೆನ್ನು, ಹಾಳೆಯ ಕೆಲಸ. ಸಾಫ್ಟ್‌ವೇರ್ ಎಂಜಿನಿಯರಿಂಗ್ ಓದು ಮತ್ತು ಬರಹ. ನೆಟ್‌ವರ್ಕ್ಸ್ ಲ್ಯಾಬ್, ವೆಬ್ ಲ್ಯಾಬ್, ಮಿನಿ ಪ್ರಾಜೆಕ್ಟ್ ಮೂರೂ ಕೀಬೋರ್ಡಿನ ಕೆಲಸ. ಕೀಬೋರ್ಡಿನ ಕೆಲಸಕ್ಕೆ ಇಷ್ಟೇ ಹೊತ್ತು ಎಂಬ ಮಿತಿ ಇರುವುದಿಲ್ಲ, ಒಂದು ದೋಷ ಇಡೀ ಸಂಜೆ ತಿನ್ನಬಹುದು. ಈಗಾಗಲೇ ಮೂರು ಇರುವಾಗ ಭಾರದ ನಾಲ್ಕನೆಯದು ಬೇಡ. ಓಎಸ್ ಚೆನ್ನಾಗಿ ಆಗಿದ್ದರೆ ಯುನಿಕ್ಸ್ ಹಗುರವಾಗುತ್ತದೆ, ಪ್ರೋಸೆಸ್, ಸಿಗ್ನಲ್ ಎಲ್ಲ ಪರಿಚಯದವೇ. ಓಎಸ್ ಕಷ್ಟವಾಗಿದ್ದರೆ ಎಐ ತೆಗೆದುಕೊಳ್ಳಿ. ಅಲ್ಲಿ ಹುಡುಕಾಟದ ಅಲ್ಗಾರಿದಮ್ಮುಗಳು, ತರ್ಕ, ಹಾಳೆಯ ಮೇಲೆ ಬಿಡಿಸುವ ಸಮಸ್ಯೆಗಳೇ ಹೆಚ್ಚು.

ಭಾರ ನಿಜವಾಗಿ ಇಳಿಯುವುದು ಮಿನಿ ಪ್ರಾಜೆಕ್ಟಿನಲ್ಲಿ. ಅದನ್ನು ವೆಬ್ ಅಪ್ಲಿಕೇಶನ್ನೇ ಮಾಡಿ: ವೆಬ್ ಲ್ಯಾಬಿನ ಕಲಿಕೆ ಅಲ್ಲಿ ಬಳಕೆಯಾಗುತ್ತದೆ, ಸಾಫ್ಟ್‌ವೇರ್ ಎಂಜಿನಿಯರಿಂಗಿನ ಅಗತ್ಯಗಳ ಪಟ್ಟಿ ಅದೇ ಪ್ರಾಜೆಕ್ಟಿನ ವರದಿಯ ಮೊದಲ ಅಧ್ಯಾಯ ಆಗುತ್ತದೆ. ಇಳಕಲ್ ಸೀರೆ ನೇಕಾರರ ನೂಲು–ಕೂಲಿ ಲೆಕ್ಕದಂಥ ಚಿಕ್ಕ ವಿಷಯ ಸಾಕು. ನಾಲ್ಕು ಟೇಬಲ್, ಎರಡು ಬಗೆಯ ಲಾಗಿನ್, ಒಂದು ವರದಿ. ಅದಕ್ಕಿಂತ ಹೆಚ್ಚು ಬೇಡ. ತಂಡದ ಕೋಡ್ ಮೊದಲ ದಿನದಿಂದ ಗಿಟ್‌ನಲ್ಲಿರಲಿ (ಕೋಡಿನ ಪ್ರತಿ ಬದಲಾವಣೆ ಉಳಿಸುವ ಸಾಧನ), ಒಬ್ಬರ ಪೆನ್‌ಡ್ರೈವಿನಲ್ಲಿ ಅಲ್ಲ.

ಪ್ರಶ್ನೆ: ಮಗ ನಾಲ್ಕನೇ ಸೆಮ್. ಕಾಲೇಜಿನ ಜೊತೆಗೇ ಹೊರಗೆ ಸಂಜೆ ಕೋಡಿಂಗ್ ಕ್ಲಾಸ್ ಸೇರ್ತೀನಿ ಅಂತಾನ. ಫೀ ಕೊಡಲೇನ್ರಿ?
— ಪಾಲಕರು, ಗೋಕಾಕ

ಉತ್ತರ: ಈಗ ಬೇಡ್ರಿ. ಸಂಜೆ ಎರಡು ತಾಸು ಕ್ಲಾಸು ಅಂದರೆ ವಾರಕ್ಕೆ ಹತ್ತು ಹನ್ನೆರಡು ತಾಸು, ಸ್ವಂತ ಓದಿಗೆ ಇರುವುದೇ ಹೆಚ್ಚುಕಡಿಮೆ ಅಷ್ಟು. ಹಾಜರಿಯೂ ಪ್ರತಿ ವಿಷಯದಲ್ಲಿ ನೂರಕ್ಕೆ 85 ಬೇಕು, ರಾತ್ರಿ ಎಚ್ಚರ ಇದ್ದು ಬೆಳಗಿನ ಮೊದಲ ಕ್ಲಾಸು ತಪ್ಪಿಸುವ ಹುಡುಗರು ಅಲ್ಲೇ ಸಿಕ್ಕಿಬೀಳುತ್ತಾರೆ. ಪರೀಕ್ಷೆ ಮುಗಿದು ಮುಂದಿನ ಸೆಮಿಸ್ಟರ್ ಶುರುವಾಗುವ ತನಕ ಸಿಗುವ ಬಿಡುವಿನಲ್ಲಿ ಸೇರಿಸಿ. ಫೀ ಕೊಡುವ ಮೊದಲು ಒಂದು ಕೇಳಿ: ವಿದ್ಯಾರ್ಥಿ ತಾನೇ ಬರೆದ ಕೋಡನ್ನು ಯಾರಾದರೂ ಓದಿ ತಿದ್ದಿ ಕೊಡ್ತಾರಾ, ಇಲ್ಲಾ ಬರೀ ವಿಡಿಯೊ ತೋರಿಸ್ತಾರಾ? ವಿಡಿಯೊ ಆದರೆ ಎನ್‌ಪಿಟೆಲ್‌ನಲ್ಲಿ ಅವು ಪುಕ್ಕಟೆ ಸಿಗುತ್ತವೆ.