.315 ನಮ್ಮಲ್ಲಿ ಉಳಿದದ್ದು, .308 ಬರದೇ ಹೋದದ್ದು

ಪ್ರಶ್ನೆ: ಅಜ್ಜನ .315 ರೈಫಲ್ ಈಗ ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂದಿದೆ. ಮೆಕ್ಕೆಜೋಳಕ್ಕೆ ಹಂದಿ ಕಾಟ ವಿಪರೀತ. ವಿಡಿಯೊಗಳಲ್ಲಿ ಎಲ್ಲರ ಬಾಯಲ್ಲೂ .308, 6.5 ಕ್ರೀಡ್‌ಮೂರ್; .315 ಹೆಸರೇ ಇಲ್ಲ. ನಮ್ಮದು ಓಬೀರಾಯನ ಕಾಲದ್ದಾಯಿತೇ? ನಳಿಗೆ ಬದಲಿಸಿ .308 ಮಾಡಿಸಬಹುದೇ? ಒಮ್ಮೊಮ್ಮೆ ಎರಡನೇ ತೋಟಾ ಮೇಲೆ ಬರದೆ ಸಿಕ್ಕಿಕೊಳ್ಳುತ್ತದೆ, ಯಾಕೆ?
– ಓದುಗರೊಬ್ಬರು, ಹೊಳಲ್ಕೆರೆ ತಾಲ್ಲೂಕು

ಉತ್ತರ: ನಳಿಗೆ ಬದಲಿಸುವ ಯೋಚನೆ ಬಿಟ್ಟುಬಿಡಿ. (.315, .308 ಅಂದರೆ ತೋಟಾದ ಹೆಸರು, ಹೆಚ್ಚುಕಡಿಮೆ ಇಂಚಿನ ಅಳತೆ.) ಸೇನೆಯ .303 ಅಥವಾ 7.62 ಮಿ.ಮೀ. ತೋಟಾ ಹಾರಿಸಬಲ್ಲ ರೈಫಲ್ ನಮ್ಮ ಕಾನೂನಿನಲ್ಲಿ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ). .308 ಅಂದರೆ ಹೆಚ್ಚುಕಡಿಮೆ ಸೇನೆಯ ಆ 7.62 ತೋಟಾವೇ. ಅಲ್ಲದೆ .315 ರೈಫಲ್ಲಿನ ಬೋಲ್ಟ್ (ತೋಟಾವನ್ನು ನಳಿಗೆಗೆ ತಳ್ಳಿ ಬಿಗಿಯುವ ಸರಳು) ಕಡಿಮೆ ಒತ್ತಡದ ತೋಟಾಕ್ಕೆ ಮಾಡಿದ್ದು; .308ರ ಒತ್ತಡ ಅದಕ್ಕಿಂತ ಬಹಳ ಹೆಚ್ಚು.

ತೋಟಾಗಳ ಜನಪ್ರಿಯತೆಯನ್ನು ಬಲಕ್ಕಿಂತ ಹೆಚ್ಚಾಗಿ ಸೇನೆ ಮತ್ತು ಕಾನೂನು ತೀರ್ಮಾನಿಸಿವೆ. 1906ರ .30-06 ಅಮೆರಿಕದ ಸೇನೆಯ ತೋಟಾ. ಎರಡು ಮಹಾಯುದ್ಧ ಮುಗಿಯುವಷ್ಟರಲ್ಲಿ ಅಲ್ಲಿನ ಬೇಟೆಗಾರರ ಮನೆಮಾತಾಗಿತ್ತು. 1952ರಲ್ಲಿ .308 ಬಂತು. ಹೊಸ ಮದ್ದಿನಿಂದಾಗಿ, ಮದ್ದು ತುಂಬುವ ತೋಟಾದ ಕೊಳವೆಯ ಉದ್ದ 63 ಮಿ.ಮೀ.ನಿಂದ 51ಕ್ಕೆ ಇಳಿದರೂ ಕೆಲಸ ಹೆಚ್ಚುಕಡಿಮೆ ಅಷ್ಟೇ. ನ್ಯಾಟೊ ಸೇನೆಗಳು ಒಪ್ಪಿಕೊಂಡ ಮೇಲೆ ಕೇಳಬೇಕೆ? ಅಲ್ಲಿ ಸೇನೆ ಬಳಸುತ್ತದೆ ಅಂತ ಜನ ಕೊಂಡರು. ಇಲ್ಲಿ ಸೇನೆ ಬಳಸುತ್ತದೆ ಅಂತಲೇ ಜನರಿಗೆ ಸಿಗಲಿಲ್ಲ.

ನಿಮ್ಮ .315 ಹುಟ್ಟಿದ್ದೂ ಹೀಗೇ. ಸೇನೆಯ .303 ಜನರ ಕೈಗೆ ಹೋಗಬಾರದೆಂದು ಬ್ರಿಟಿಷ್ ಸರ್ಕಾರ ತಡೆ ಹಾಕಿತು. ಆಗ ಬ್ರಿಟನ್ನಿನ ಬಂದೂಕು ಕಂಪನಿ ಬಿಎಸ್‌ಎ, ಅದೇ ಮಾದರಿಯ ರೈಫಲ್ಲಿಗೆ ಆಸ್ಟ್ರಿಯಾದ 8 ಮಿ.ಮೀ. ಮ್ಯಾನ್ಲಿಕರ್ ತೋಟಾ ಹೊಂದಿಸಿ ಭಾರತದಲ್ಲಿ ಮಾರಿತು. ಮುಂದೆ ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯೂ ಅದನ್ನೇ ಮಾಡಿತು. ಗುಂಡು 244 ಗ್ರೇನ್, ಅಂದರೆ ಸುಮಾರು 16 ಗ್ರಾಂ: ಭಾರ, ನಿಧಾನ. ಹೊಲದ ಬದುವಿನಿಂದ ಐವತ್ತು, ನೂರು ಮೀಟರಿಗೆ ಅದರಲ್ಲಿ ಯಾವ ಕೊರತೆಯೂ ಇಲ್ಲ.

2007ರ 6.5 ಕ್ರೀಡ್‌ಮೂರ್ ಗೆದ್ದದ್ದು ಬೇರೆ ಕಾರಣಕ್ಕೆ. ತೆಳ್ಳಗೆ ಉದ್ದನೆಯ ಗುಂಡು ಗಾಳಿಗೆ ಕಡಿಮೆ ವಾಲುತ್ತದೆ, ಭುಜಕ್ಕೆ ಒದೆತವೂ ಕಡಿಮೆ. 6.5 ಮಿ.ಮೀ. ಗುಂಡು ಹೊಸದೇನಲ್ಲ. ಸ್ವೀಡನ್ ಸೇನೆ 1890ರ ದಶಕದಲ್ಲೇ ಬಳಸಿತ್ತು. ಆದರೆ ಆ ಲಾಭ ಕಾಣುವುದು ಬಹಳ ದೂರದ ಗುರಿಗೆ. ಮೆಕ್ಕೆಜೋಳದ ಸಾಲಿನ ನಡುವೆ ಅದಕ್ಕೆ ಕೆಲಸವಿಲ್ಲ.

ಇನ್ನು ತೋಟಾ ಸಿಕ್ಕಿಕೊಳ್ಳುವುದು. .315ರ ಬುಡ ನೋಡಿ, ಕೊಳವೆಗಿಂತ ಅಗಲವಾದ ಅಂಚು ಹೊರಗೆ ಚಾಚಿರುತ್ತದೆ. .308ಕ್ಕೆ ಅದಿಲ್ಲ, ಬುಡದ ಸುತ್ತ ಕೊರೆದ ತೋಡು ಮಾತ್ರ. ಮ್ಯಾಗಜೀನ್ (ತೋಟಾ ತುಂಬುವ ಪೆಟ್ಟಿಗೆ) ಇರುವ ರೈಫಲ್ಲುಗಳಲ್ಲಿ ಅಂಚಿನ ತೋಟಾ ಜನಪ್ರಿಯತೆಯಲ್ಲಿ ಹಿಂದೆ ಬೀಳಲು ಈ ಅಂಚು ಸಿಕ್ಕಿಕೊಳ್ಳುವುದೂ ಒಂದು ಕಾರಣ. ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದಕ್ಕಿಂತ ಮುಂದೆ, ನಳಿಗೆಯ ಕಡೆಗೆ, ಕೂರಬೇಕು. ಹಿಂದೆ ಕೂತರೆ ಬೋಲ್ಟ್ ತಳ್ಳಿದಾಗ ಅಂಚಿಗೆ ಅಂಚು ಕೊಕ್ಕೆಯಂತೆ ಬೀಳುತ್ತದೆ. ಸಿಕ್ಕಿಕೊಂಡರೆ ಬೋಲ್ಟ್ ಗುದ್ದಬೇಡಿ. ನಳಿಗೆಯನ್ನು ಜನರಿಲ್ಲದ ಕಡೆ ತಿರುಗಿಸಿ, ಬೋಲ್ಟ್ ಹಿಂದಕ್ಕೆಳೆದು ಮ್ಯಾಗಜೀನ್ ಬಿಚ್ಚಿ, ಒಂದೊಂದಾಗಿ ಮತ್ತೆ ತುಂಬಿ.

ಹಂದಿಯ ವಿಷಯಕ್ಕೆ ಲೈಸೆನ್ಸ್ ಒಂದೇ ಸಾಲದು. 1972ರ ವನ್ಯಜೀವಿ ಕಾಯ್ದೆಯಂತೆ ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಬೆಳೆ ಹಾಳಾದ ಫೋಟೊ ಮತ್ತು ಪಹಣಿ ಹಿಡಿದು ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ.