ಕಾಡಿಗೆ ಕಲೆಗೆ ಮೊದಲು ನೀರು ಬೇಡ

ಪ್ರಶ್ನೆ: ದಿಂಬಿನ ಬಿಳಿ ಹತ್ತಿ ಕವರಿಗೆ ಕಾಡಿಗೆ ಹತ್ತಿತ್ತು. ಬಿಸಿನೀರಿಗೆ ಸೋಪಿನ ಪುಡಿ ಹಾಕಿ ನೆನೆಸಿ ಉಜ್ಜಿದೆ. ಕಲೆ ಹೋಗುವ ಬದಲು ಬೂದು ಬಣ್ಣಕ್ಕೆ ತಿರುಗಿ ಅಗಲವಾಯಿತು. ಬ್ಲೀಚಿಗೂ ಜಗ್ಗಲಿಲ್ಲ. ಏನು ಮಾಡಲಿ? – ಓದುಗರು, ದಾವಣಗೆರೆ

ಉತ್ತರ: ಬ್ಲೀಚಿಗೆ ಜಗ್ಗುವುದೂ ಇಲ್ಲ. ಕಾಡಿಗೆಯ ಕಪ್ಪು ಎಂದರೆ ಮಸಿಯ ಕಣಗಳು. ಅವು ನೀರಿನಲ್ಲಿ ಕರಗುವುದಿಲ್ಲ, ಬಣ್ಣವನ್ನೂ ಕಳೆದುಕೊಳ್ಳುವುದಿಲ್ಲ. ಅವನ್ನು ಬಟ್ಟೆಗೆ ಅಂಟಿಸಿರುವುದು ಎಣ್ಣೆ ಮತ್ತು ಮೇಣ. ಮೊದಲು ಆ ಜಿಡ್ಡು ಬಿಡಬೇಕು, ಆಗ ಮಸಿ ತಾನಾಗಿ ಸಡಿಲವಾಗುತ್ತದೆ. ಬಿಸಿನೀರು ಬಿದ್ದರೆ ಮೇಣ ಕರಗಿ ನೂಲಿನೊಳಗೆ ಇಳಿಯುತ್ತದೆ, ಉಜ್ಜಿದರೆ ಮಸಿ ಸುತ್ತಲೂ ಹರಡುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ.

ಕವರ್ ಪೂರ್ತಿ ಒಣಗಿರಲಿ. ಹಳೆಯ ಬಿಳಿ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಕಲೆ ಕೆಳಮುಖವಾಗುವಂತೆ ಕವರನ್ನು ಹಾಸಿ. ಪಾತ್ರೆ ತೊಳೆಯುವ ಲಿಕ್ವಿಡನ್ನು ನೀರು ಬೆರೆಸದೆ ಅರ್ಧ ಚಮಚದಷ್ಟು ಹಿಂಬದಿಯಿಂದ ಹಾಕಿ, ಬೆರಳ ತುದಿಯಿಂದ ಒತ್ತುತ್ತಾ ಹೋಗಿ. ಉಜ್ಜಬೇಡಿ. ಅಡಿಬಟ್ಟೆಯಲ್ಲಿ ಕಪ್ಪು ಮೂಡಿದೊಡನೆ ಅದನ್ನು ಸರಿಸಿ ಸ್ವಚ್ಛ ಜಾಗ ಕೊಡಿ. ಇಲ್ಲವಾದರೆ ಬಿಟ್ಟ ಮಸಿ ಮತ್ತೆ ಕವರಿಗೇ ಹತ್ತುತ್ತದೆ. 15 ನಿಮಿಷದ ಮೇಲೆ ನಲ್ಲಿಯ ತಣ್ಣೀರನ್ನು ಹಿಂಬದಿಯಿಂದಲೇ ಬಿಡಿ. ಎರಡು ಮೂರು ಸಲ ಹೀಗೆ ಮಾಡಬೇಕಾದೀತು. ವಾಟರ್‌ಪ್ರೂಫ್ ಕಾಡಿಗೆಯಾದರೆ ಲಿಕ್ವಿಡ್ ಹಾಕುವ ಮುಂಚೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ 10 ನಿಮಿಷ ಬಿಡಿ. ಆಮೇಲೆ ಆ ಎಣ್ಣೆಯೂ ಪೂರ್ತಿ ಹೋಗುವಂತೆ ತೊಳೆಯಿರಿ.

ಈಗಾಗಲೇ ಹರಡಿರುವ ಬೂದು ಛಾಯೆ ತಿಳಿಯಾಗುತ್ತದೆ, ಸ್ವಲ್ಪ ಉಳಿದರೂ ಉಳಿಯಬಹುದು. ಕಲೆ ಇರುವಾಗ ಇಸ್ತ್ರಿ ಮಾತ್ರ ಹಾಕಲೇಬೇಡಿ.

ಪ್ರಶ್ನೆ: ರೇಷ್ಮೆ ಸೀರೆಯ ಸೆರಗಿಗೆ ಲಿಪ್‌ಸ್ಟಿಕ್ ತಾಗಿದೆ. ಟೂತ್‌ಪೇಸ್ಟ್ ಹಚ್ಚಿದರೆ ಹೋಗುತ್ತದೆಯೇ? – ಓದುಗರು, ಮೈಸೂರು

ಉತ್ತರ: ದಯವಿಟ್ಟು ಹಚ್ಚಬೇಡಿ. ಟೂತ್‌ಪೇಸ್ಟಿನಲ್ಲಿರುವ ಸಣ್ಣ ತರಿ ರೇಷ್ಮೆ ಎಳೆಯನ್ನು ಸವೆಸುತ್ತದೆ. ಕಲೆ ಹೋದರೂ ಹೊಳಪು ಸತ್ತ ಜಾಗ ಉಳಿಯುತ್ತದೆ, ಅದಕ್ಕೆ ಮದ್ದಿಲ್ಲ. ಮೇಲೆ ಕೂತಿರುವುದನ್ನು ಚಮಚದ ಅಂಚಿನಿಂದ ಹಗುರವಾಗಿ ಎತ್ತಿ, ಟಾಲ್ಕಂ ಪೌಡರ್ ಉದುರಿಸಿ ರಾತ್ರಿಯಿಡೀ ಬಿಟ್ಟು ಕೊಡವಿ. ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ನಂತರ ಡ್ರೈಕ್ಲೀನ್‌ಗೆ ಕೊಡಿ. ಕೊಡುವಾಗ ಕಲೆಯ ಸುತ್ತ ಬಿಳಿ ದಾರದಿಂದ ಸಡಿಲವಾಗಿ ಹೊಲಿದು ಗುರುತು ಮಾಡಿ, ‘ಇದು ಲಿಪ್‌ಸ್ಟಿಕ್’ ಎಂದು ಹೇಳಿ. ಯಾವ ಕಲೆಯೆಂದು ಗೊತ್ತಿದ್ದರೆ ಅವರು ಅದಕ್ಕೆ ತಕ್ಕ ದ್ರಾವಣ ಬಳಸುತ್ತಾರೆ.

ಪ್ರಶ್ನೆ: ಸೋಫಾದ ಬಟ್ಟೆಗೆ ಫೌಂಡೇಶನ್, ಹತ್ತಿಯ ಹಾಸಿಗೆ ಹೊದಿಕೆಗೆ ನೇಲ್ ಪಾಲಿಶ್. ಎರಡಕ್ಕೂ ಒಂದೇ ಉಪಾಯ ಇದೆಯೇ? – ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಸೋಫಾಕ್ಕೆ ಒಂದು ಲೋಟ ತಣ್ಣೀರಿಗೆ ಕಾಲು ಚಮಚ ಲಿಕ್ವಿಡ್ ಹಾಕಿ ಕಡೆದು, ನೊರೆ ಮಾತ್ರ ಬಳಸಿ; ನೀರು ಒಳಗಿನ ಸ್ಪಂಜಿಗೆ ಇಳಿದರೆ ಒಣಗದೆ ಮುಗ್ಗಲು ವಾಸನೆ ಬರುತ್ತದೆ. ಅಂಚಿನಿಂದ ನಡುವಿಗೆ ಒತ್ತಿ ತೆಗೆಯಿರಿ, ಒದ್ದೆ ಬಟ್ಟೆಯಿಂದ ನೊರೆ ಒರೆಸಿ, ಫ್ಯಾನ್ ಹಾಕಿ ಒಣಗಿಸಿ.

ನೇಲ್ ಪಾಲಿಶ್‌ಗೆ ಅಸಿಟೋನ್ ಇರುವ ರಿಮೂವರ್ ಬೇಕು. ಹತ್ತಿಗೆ ಅದರಿಂದ ತೊಂದರೆಯಿಲ್ಲ, ಆದರೆ ಹೊದಿಕೆಯ ಬಣ್ಣ ಬಿಡಬಹುದು. ಮಡಿಚಿದ ಅಂಚಿನಲ್ಲಿ ಒಂದು ಹನಿ ಹಾಕಿ ಮೊದಲು ನೋಡಿ. ಅಸಿಟೇಟ್ ಎಂಬ ಕೃತಕ ನೂಲಿನ ಬಟ್ಟೆಗೆ ತಾಗಿದರೆ ಬಟ್ಟೆಯೇ ಕರಗುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ, ಊದುಬತ್ತಿ ಉರಿಯುತ್ತಿರಬಾರದು. ಅಸಿಟೋನ್ ಆವಿಗೆ ಥಟ್ಟನೆ ಬೆಂಕಿ ಹತ್ತುತ್ತದೆ.