ಹಂಚಬೇಡಿ, ಠಾಣೆಗೆ ಕೊಡಿ

ಕಾಣೆಯಾದ ಮಹಿಳೆಯ ಹಿಂದೆ ನಡೆಯುತ್ತಿದ್ದವನ ಮುಖವನ್ನು ತುಮಕೂರು ಬಸ್ ನಿಲ್ದಾಣದ ಮಸುಕು ವಿಡಿಯೊದಿಂದ ತೆಗೆದು ಹಂಚಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. 2013ರಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನ್ ಓಟದಲ್ಲಿ ನಡೆದ ಬಾಂಬ್ ಸ್ಫೋಟದ ಬಳಿಕ ಜಾಲತಾಣದ ಹವ್ಯಾಸಿ ಪತ್ತೇದಾರರು, ಕಾಣೆಯಾಗಿದ್ದ ವಿದ್ಯಾರ್ಥಿಯೊಬ್ಬನನ್ನೇ ಬಾಂಬಿಟ್ಟವನೆಂದು ಸಾರಿದರು. ಅವನು ನಿರಪರಾಧಿ, ಶವ ನದಿಯಲ್ಲಿ ಸಿಕ್ಕಿತು. ಮಗನಿಗಾಗಿ ಹಂಬಲಿಸುತ್ತಿದ್ದ ಮನೆಯವರು ಬೈಗುಳ ಕೇಳಬೇಕಾಯಿತು.

ಮೂಲ ವಿಡಿಯೊವನ್ನು ಕತ್ತರಿಸದೆ ಠಾಣೆಗೆ ಕೊಡಿ. ಅಂಗಡಿಗಳ ಕ್ಯಾಮೆರಾಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ, ಆದ್ದರಿಂದ ಇಂದೇ ಹೋಗಿ ಉಳಿಸಿಡಲು ಕೇಳಿಕೊಳ್ಳಿ. ದೂರು ಕೊಡಲು 24 ಗಂಟೆ ಕಾಯಬೇಕೆಂಬ ನಿಯಮವಿಲ್ಲ.

ನಮ್ಮ ಬೀದಿಯ ಹುಡುಗಿ ಕಾಣೆಯಾದಾಗ ಗುಬ್ಬಿ ಬಸ್ಸಿನ ನಿರ್ವಾಹಕರು ನೆನಪಿಟ್ಟುಕೊಂಡಿದ್ದು ಅವಳ ಮುಖವನ್ನಲ್ಲ, ಕಡ್ಡಿ ಮುರಿದ ಹಸಿರು ಕೊಡೆಯನ್ನು. ಈಗ ಕಾಣೆಯಾಗಿರುವ ಮಹಿಳೆಯ ಕೈಯಲ್ಲಿ ಏನಿತ್ತೆಂದು ಮನೆಯವರನ್ನು ಮೆಲ್ಲನೆ ಕೇಳಿ ನೋಡಿ.